ಲಗ್ನಪತ್ರಿಕೆ ಅಂತ ಬಂದ ಫೈಲು

ಭಾನುವಾರ ರಾತ್ರಿ ಒಂಬತ್ತರ ಹೊತ್ತಿಗೆ ಹನೂರಿನ ಕಡೆಯಿಂದ ಸೋದರಮಾವನ ಫೋನು. "ಕೂಸು, ಯಾರ್ದೋ ಲಗ್ನಪತ್ರಿಕೆ ಬಂದದ ಕನವ್ವ. ಎಷ್ಟ್ ಒತ್ತುದ್ರೂ ಬತ್ತಾ ಇಲ್ಲ." ನಾನು ಕೊಳ್ಳೇಗಾಲದ ಬಾಡಿಗೆ ರೂಮಿನಲ್ಲಿ ಕೂತು ಸುದ್ದಿ ಟೈಪ್ ಮಾಡುತ್ತಿದ್ದೆ. "ನೆಟ್‌ವರ್ಕ್ ಇಲ್ಲ ಅನ್ಸುತ್ತೆ ಮಾವ, ಬೆಳಿಗ್ಗೆ ನೋಡಿ" ಅಂದುಬಿಟ್ಟೆ. ಆ ಮಾತಿಗೆ ಈಗಲೂ ನನ್ನನ್ನು ನಾನೇ ಬೈದುಕೊಳ್ಳುತ್ತೇನೆ.

ಬೆಳಿಗ್ಗೆ ಆರಕ್ಕೆ ಯಳಂದೂರಿನ ಚಿಕ್ಕಮ್ಮ ಫೋನ್ ಮಾಡಿದರು. "ಅಣ್ಣಯ್ಯ ಯಾರ ಮದ್ವೆಗೆ ಕರೀತಾ ಅವ್ನೆ ಕೂಸು? ನಂಗೂ ಪತ್ರಿಕೆ ಕಳ್ಸವ್ನೆ." ನನ್ನ ಎದೆ ಧಸಕ್ಕೆಂದಿತು. ಮಾವ ಯಾರಿಗೂ ಏನೂ ಕಳಿಸಿರಲಿಲ್ಲ. ಅವರ ಫೋನೇ ತಾನಾಗಿ ಕಳಿಸುತ್ತಿತ್ತು.

ಚಿಕ್ಕಮ್ಮನಿಗೆ ಅದನ್ನು ಮುಟ್ಟಬೇಡಿ ಅಂತ ಹೇಳಿ, ಫೈಲಿನ ಹೆಸರು ಓದಿಸಿದೆ. ಕೊನೆಯಲ್ಲಿ ಎಪಿಕೆ ಅಂತ ಇತ್ತು. ಫೋಟೊ ಆಗಿದ್ದರೆ ಸಾಮಾನ್ಯವಾಗಿ ಜೆಪಿಜಿ ಅಂತಿರುತ್ತದೆ, ಓದುವ ಕಾಗದವಾದರೆ ಪಿಡಿಎಫ್. ಎಪಿಕೆ ಅಂದರೆ ಪತ್ರಿಕೆಯಲ್ಲ, ಆಂಡ್ರಾಯ್ಡ್ ಫೋನಿಗೆ ಹಾಕುವ ಆ್ಯಪಿನ ಪೊಟ್ಟಣ. ಮಾವನಿಗೆ ಫೋನ್ ಮಾಡಿ ಸಿಮ್ ತೆಗೆಸಿದೆ. ಪಕ್ಕದ ಮನೆಯವರ ಫೋನಿನಿಂದ 1930ಕ್ಕೆ ದೂರು ಕೊಡಿಸಿದೆ. ಬ್ಯಾಂಕ್ ಬಾಗಿಲು ತೆಗೆಯುವ ಹೊತ್ತಿಗೆ ಅಲ್ಲಿರಲು ಹೇಳಿದೆ. ಹಿಂದಿನ ವಾರವಷ್ಟೇ ರೇಷ್ಮೆಗೂಡು ಮಾರಿದ ದುಡ್ಡು ಖಾತೆಗೆ ಬಂದಿತ್ತು. ಎರಡು ಸಲವಾಗಿ 9,000 ರೂಪಾಯಿ ಹೋಗಿತ್ತು. ಮಿಕ್ಕಿದ್ದು ಉಳಿದಿತ್ತು.

ಪರಿಚಯದ ಮೊಬೈಲ್ ಅಂಗಡಿಯವರನ್ನು ಕೇಳಿದೆ. "ಫೋನ್ ಪೂರ್ತಿ ಅಳಿಸಿಬಿಡಿ" ಅಂದರು. ಅದು ಸರಿಯಾದ ಸಲಹೆಯೇ. ಆದರೆ ಮಾವ ಒಪ್ಪಲಿಲ್ಲ. ಅತ್ತೆ ತೀರಿಕೊಂಡು ಎರಡು ವರ್ಷವಾಯಿತು. ಅವರು ವಾಟ್ಸ್‌ಆ್ಯಪ್‌ನಲ್ಲಿ ಮಾತಾಡಿ ಕಳಿಸಿದ್ದೆಲ್ಲ ಆ ಫೋನಿನಲ್ಲೇ ಇತ್ತು, ಬೇರೆಲ್ಲೂ ಇರಲಿಲ್ಲ. "ದುಡ್ಡು ಹೋದ್ರ ಹೋಗ್ಲಿ ಕೂಸು, ಅವಳ ದನಿ ಹೋಗದು ಬ್ಯಾಡ" ಅಂದರು.

ನನ್ನದು ಹಳೇ ಲ್ಯಾಪ್‌ಟಾಪ್. ಓದುವಾಗ ಸೀನಿಯರ್ ಒಬ್ಬರು ಅದಕ್ಕೆ ಡೆಬಿಯನ್ ಹಾಕಿಕೊಟ್ಟಿದ್ದರು. 1993ರಲ್ಲಿ ಶುರುವಾದ, ಪುಕ್ಕಟೆ ಸಿಗುವ ಲಿನಕ್ಸ್ ಅದು. ಅದರಲ್ಲಿ ಏನಾದರೂ ಬೇಕೆಂದರೆ ನಾನು ಕಪ್ಪು ಪರದೆ ತೆಗೆದು ಬರೆಯುತ್ತೇನೆ: ಸುಡೊ ಆ್ಯಪ್ಟ್ ಇನ್‌ಸ್ಟಾಲ್, ಆಮೇಲೆ ಬೇಕಾದ್ದರ ಹೆಸರು. ಕನ್ನಡ ಅಕ್ಷರ ಚೌಕ ಚೌಕವಾಗಿ ಕಾಣುತ್ತಿದ್ದಾಗ ಗುಬ್ಬಿ, ನವಿಲು ಫಾಂಟುಗಳನ್ನು ಹಾಕಿಕೊಂಡದ್ದೂ ಹೀಗೆಯೇ. ಆವತ್ತು ಬೇಕಾಗಿದ್ದು ಎಡಿಬಿ ಅನ್ನುವ ಸಾಧನ. ಕಂಪ್ಯೂಟರಿನಿಂದ ಕೇಬಲ್ ಹಾಕಿ ಆಂಡ್ರಾಯ್ಡ್ ಫೋನಿನ ಜತೆ ಮಾತಾಡುವುದಕ್ಕೆ ಇರುವುದು. ಮಾವನ ಊರಿನಲ್ಲಿ ನೆಟ್‌ವರ್ಕ್ ನಂಬುವ ಹಾಗಿಲ್ಲ, ಅದಕ್ಕೆ ಕೊಳ್ಳೇಗಾಲದಲ್ಲೇ ಇಳಿಸಿಕೊಂಡೆ.

ಆ್ಯಪ್ಟ್ ತನ್ನ ಅಭ್ಯಾಸದಂತೆ ಮೊದಲು ಪಟ್ಟಿ ಕೊಟ್ಟಿತು. ಮದುವೆಗೆ ಅಡುಗೆಯವರನ್ನು ಗೊತ್ತು ಮಾಡಿದರೆ, "ನನ್ನ ಜತೆ ಪಾತ್ರೆಯವನು, ತರಕಾರಿ ಹೆಚ್ಚುವವರು, ಬಡಿಸುವವರು ಇಷ್ಟು ಜನ ಬರ್ತಾರೆ" ಅಂತ ಮೊದಲೇ ಹೇಳುವುದಿಲ್ಲವೇ, ಹಾಗೆ. ಯಾವ ಯಾವ ಪೊಟ್ಟಣ ಜತೆಗೆ ಬರುತ್ತದೆ, ಎಷ್ಟು ಜಾಗ ಹಿಡಿಯುತ್ತದೆ ಎಂದೆಲ್ಲ ತಿಳಿಸಿ, ಆಮೇಲೆ ಹೌದೋ ಅಲ್ಲವೋ ಕೇಳುತ್ತದೆ. ಪೊಟ್ಟಣಗಳು ಡೆಬಿಯನ್ನಿನವರ ಉಗ್ರಾಣದಿಂದಲೇ ಬಂದವೋ, ದಾರಿಯಲ್ಲಿ ಯಾರಾದರೂ ಬದಲಾಯಿಸಿದರೋ ಅಂತ ಅವರ ಡಿಜಿಟಲ್ ಮೊಹರನ್ನು ನೋಡಿ ತಾಳೆ ಹಾಕುತ್ತದೆ. ಮೊಹರು ತಾಳೆಯಾಗದಿದ್ದರೆ ತಾನಾಗಿ ಮುಂದೆ ಹೋಗುವುದಿಲ್ಲ.

ಇದು ಯಾಕೆ ಮುಖ್ಯ ಅಂದರೆ, ಇಂಥ ಪೊಟ್ಟಣ ರಾಗಿಹಿಟ್ಟಿನ ಹಾಗೆ. ಪ್ರೋಗ್ರಾಮರ್ ಬರೆದ ಮೂಲ ಬರಹ ಕಾಳು. ಅದನ್ನು ಯಂತ್ರಕ್ಕೆ ಅರ್ಥವಾಗುವಂತೆ ಬೀಸಿದ್ದು ಬೈನರಿ, ಅಂದರೆ ಹಿಟ್ಟು. ಕಾಳಿನಲ್ಲಿ ಕಲ್ಲಿದ್ದರೆ ಕಣ್ಣಿಗೆ ಕಾಣುತ್ತದೆ. ಹಿಟ್ಟಾದ ಮೇಲೆ ಹಲ್ಲಿಗೇ ಗೊತ್ತಾಗಬೇಕು. ಹಾಗಾಗಿ ಹಿಟ್ಟು ತರುವಾಗ ಬೀಸಿದವರು ಯಾರು ಅಂತ ಕೇಳಲೇಬೇಕು.

ಸೋಮವಾರ ಬೇರೆ. ಬೆಟ್ಟಕ್ಕೆ ಹೋಗುವ ಮಾದಪ್ಪನ ಭಕ್ತರಿಂದ ಬಸ್ಸು ತುಂಬಿತ್ತು. ಲ್ಯಾಪ್‌ಟಾಪನ್ನು ಎದೆಗೆ ಅವುಚಿಕೊಂಡು ನಿಂತೇ ಹೋದೆ.

ಮಾವನ ಫೋನನ್ನು ಸಿಮ್ ಇಲ್ಲದೆ, ಏರೋಪ್ಲೇನ್ ಮೋಡಿನಲ್ಲೇ ಇಟ್ಟೆ. ಸೆಟ್ಟಿಂಗ್ಸ್‌ನಲ್ಲಿ ಬಿಲ್ಡ್ ನಂಬರ್ ಮೇಲೆ ಏಳು ಸಲ ಒತ್ತಿದರೆ ಡೆವಲಪರ್ ಆಯ್ಕೆಗಳು ತೆರೆಯುತ್ತವೆ. ಅಲ್ಲಿ ಯುಎಸ್‌ಬಿ ಡೀಬಗ್ಗಿಂಗ್ ಆನ್ ಮಾಡಿ ಕೇಬಲ್ ಹಾಕಿದೆ. ಕಪ್ಪು ಪರದೆಯಲ್ಲಿ ಬರೆದೆ: ಎಡಿಬಿ ಶೆಲ್ ಪಿಎಂ ಲಿಸ್ಟ್ ಪ್ಯಾಕೇಜಸ್ -3 -ಐ. ಇದನ್ನೆಲ್ಲ ಇಂಗ್ಲಿಷ್ ಅಕ್ಷರದಲ್ಲೇ ಒತ್ತಬೇಕು. ಫೋನಿನ ಜತೆ ಬಂದದ್ದನ್ನು ಬಿಟ್ಟು, ಆಮೇಲೆ ಹಾಕಿದ ಆ್ಯಪುಗಳು ಯಾವುವು, ಪ್ರತಿಯೊಂದನ್ನೂ ಒಳಗೆ ಬಿಟ್ಟವರು ಯಾರು ಅಂತ ಇದು ಹೇಳುತ್ತದೆ.

ಹೆಚ್ಚಿನವುಗಳ ಮುಂದೆ ಪ್ಲೇಸ್ಟೋರಿನ ಹೆಸರಿತ್ತು. ಎರಡರ ಮುಂದೆ ಇರಲಿಲ್ಲ. ಒಂದು, ಆ ಲಗ್ನಪತ್ರಿಕೆ. ಫೋನಿನ ಪರದೆಯ ಮೇಲೆ ಅದರ ಚಿತ್ರವೇ ಇರಲಿಲ್ಲ, ಅಡಗಿ ಕೂತಿತ್ತು. ಎಸ್‌ಎಂಎಸ್ ಓದುವ ಅನುಮತಿಯೂ ಅದಕ್ಕಿತ್ತು. ಒಟಿಪಿ ಹೋಗಿದ್ದು ಹಾಗೆ.

ಇನ್ನೊಂದು, ಪುಕ್ಕಟೆ ಸಿನಿಮಾ ನೋಡುವ ಆ್ಯಪು. ಅದನ್ನು ಹಾಕಿಕೊಟ್ಟವಳು ನಾನೇ. ಹಿಂದಿನ ವರ್ಷ ಹಬ್ಬಕ್ಕೆ ಹೋದಾಗ ವಾಟ್ಸ್‌ಆ್ಯಪ್‌ನಲ್ಲೇ ಕಳಿಸಿ, ಗೊತ್ತಿಲ್ಲದ ಕಡೆಯ ಆ್ಯಪನ್ನೂ ಹಾಕಬಹುದು ಅನ್ನುವ ಅನುಮತಿಯನ್ನು ಆನ್ ಮಾಡಿ, "ಏನೂ ಆಗಲ್ಲ ಮಾವ, ಎಸ್ ಒತ್ತಿ" ಅಂದಿದ್ದೆ. ಆ ಅನುಮತಿ ಹಾಗೇ ಉಳಿದಿತ್ತು. ಬಾಗಿಲು ತೆಗೆದಿಟ್ಟವಳು ನಾನು, ಬೈಸಿಕೊಂಡವರು ಮಾವ.

ದೂರಿಗೆ ಬೇಕಾಗುತ್ತದೆಂದು ಪ್ಯಾಕೇಜಿನ ಹೆಸರು ಬರೆದುಕೊಂಡು ಪರದೆಯ ಫೋಟೊ ತೆಗೆದೆ. ಎಡಿಬಿ ಅನ್‌ಇನ್‌ಸ್ಟಾಲ್ ಅಂತ ಕೊಟ್ಟರೆ ಮೊದಲ ಸಲ ಆಗಲಿಲ್ಲ. ಅದು ಫೋನಿನ ಡಿವೈಸ್ ಅಡ್ಮಿನ್ ಅಧಿಕಾರವನ್ನೂ ಪಡೆದಿತ್ತು. ಸೆಟ್ಟಿಂಗ್ಸ್‌ನಲ್ಲಿ ಆ ಅಧಿಕಾರ ಕಿತ್ತು ಮತ್ತೆ ಕೊಟ್ಟೆ. ಸಕ್ಸೆಸ್ ಅಂತ ಬಂತು. ಆಮೇಲೆ ಎಡಿಬಿ ಪುಲ್ ಅನ್ನುವ ಆಜ್ಞೆಯಿಂದ ಅತ್ತೆಯ ದನಿಯ ಫೈಲುಗಳನ್ನು ಲ್ಯಾಪ್‌ಟಾಪಿಗೆ ಎಳೆದುಕೊಂಡೆ. ಎಲ್ಲ ಬಂದಿದೆಯಾ ನೋಡಲು ಒಂದನ್ನು ಒತ್ತಿದೆ. "ಬರ್ತಾ ಈರುಳ್ಳಿ ತಕ್ಕ ಬನ್ನಿ" ಅಂದಿತು. ಮಾವ ಎದ್ದು ಹಿತ್ತಲಿಗೆ ಹೋದರು.

ಆಮೇಲೆ ಫೋನ್ ಪೂರ್ತಿ ಅಳಿಸಿದೆವು. ಆ್ಯಪು ತೆಗೆದ ಮಾತ್ರಕ್ಕೆ ಎಲ್ಲ ಶುದ್ಧವಾಯಿತು ಅಂತ ಹೇಳಲಾಗದು. ಬೇರೆ ಫೋನಿನಿಂದ ಬ್ಯಾಂಕಿನ ಪಿನ್ನು, ಪಾಸ್‌ವರ್ಡ್ ಬದಲಾಯಿಸಿದೆವು. ದೂರು ಸೈಬರ್‌ಕ್ರೈಮ್ ಡಾಟ್ ಗೌ ಡಾಟ್ ಇನ್‌ನಲ್ಲೂ ದಾಖಲಾಯಿತು. ಹೋದ ದುಡ್ಡು ಇನ್ನೂ ಬಂದಿಲ್ಲ.

ಸಂಜೆ ಮಾವ ಒಬ್ಬೊಬ್ಬ ನೆಂಟರಿಗೂ ಫೋನ್ ಮಾಡಿ, "ನನ್ ನಂಬರಿಂದ ಬಂದುದ್ದ ಮುಟ್‌ಬ್ಯಾಡಿ" ಅಂತ ಹೇಳಿದರು. ದುಡ್ಡು ಹೋದದ್ದಕ್ಕಿಂತ ಈ ನಾಚಿಕೆಯೇ ಅವರಿಗೆ ಹೆಚ್ಚಾಗಿತ್ತು. ಪಕ್ಕದಲ್ಲಿ ಕೂತು, ಸಿನಿಮಾ ಆ್ಯಪಿನ ವಿಷಯ ಹೇಳಿಕೊಂಡೆ. "ಆಯ್ತು ಬುಡು" ಅಂದರು, ಅಷ್ಟೇ.

ನೀವು ಕಪ್ಪು ಪರದೆ ಕಲಿಯಬೇಕಾಗಿಲ್ಲ. ಈಗಲೇ ಸೆಟ್ಟಿಂಗ್ಸ್‌ಗೆ ಹೋಗಿ, 'ಇನ್‌ಸ್ಟಾಲ್ ಅನ್‌ನೋನ್ ಆ್ಯಪ್ಸ್' ಅಂತ ಹುಡುಕಿ, ವಾಟ್ಸ್‌ಆ್ಯಪ್ ಮುಂದೆ ಆನ್ ಇದ್ದರೆ ಆಫ್ ಮಾಡಿ. ಮನೆಯ ಹಿರಿಯರ ಫೋನಿನಲ್ಲೂ ನೋಡಿ. ಬೀಗ ಸಡಿಲ ಮಾಡಿದವರು ಎಷ್ಟೋ ಸಲ ನಾವೇ, ಓದಿದ ಮಕ್ಕಳು.

ಮಾವ ಈಗ ಯಾವ ಫೈಲು ಬಂದರೂ ಮೊದಲು ನನಗೆ ಫೋನ್ ಮಾಡುತ್ತಾರೆ. ಕೇಳುವುದು ಒಂದೇ: "ಕೂಸು, ಇದು ಯಾರ್ ಬೀಸುದ್ ಹಿಟ್ಟು?"