ಅಡಕತ್ತರಿಯ ಕೀಲು

ಅಮ್ಮನ ಅಡಕತ್ತರಿಯ ಕೀಲು ಕಳಚಿಬಿದ್ದ ದಿನ ಎರಡು ಅಲಗುಗಳೂ ಕೈಯಲ್ಲಿದ್ದವು, ಅಡಿಕೆ ಮಾತ್ರ ಹೋಳಾಗಲಿಲ್ಲ. ಅವಳ ಮೈಯೊಳಗೂ ಅಂಥದೇ ಒಂದು ಕೀಲು ಕಳಚಿತ್ತೆಂದು ಆಗ ನಮಗೆ ತಿಳಿದಿರಲಿಲ್ಲ.

ಅಮ್ಮ ಇದ್ದದ್ದು ಹೊಸನಗರದ ಕಡೆ ತೋಟದ ಮನೆಯಲ್ಲಿ, ಅಣ್ಣನ ಜೊತೆ. ನಾನು ಸಾಗರದಲ್ಲಿ, ತಂಗಿ ತೀರ್ಥಹಳ್ಳಿಯಲ್ಲಿ. "ಕೂಸೇ, ಪಾದ ಜೋಮು ಹಿಡಿದ ಹಾಗಿರ್ತದೆ, ಚಪ್ಪಲಿ ಕಳಚಿದ್ದೂ ಗೊತ್ತಾಗೋದಿಲ್ಲ" ಎನ್ನುತ್ತಿದ್ದಳು. ಸಾರಿಗೆ ಎರಡೆರಡು ಸಲ ಉಪ್ಪು ಹಾಕುತ್ತಿದ್ದಳು. "ವಯಸ್ಸಾಯ್ತಲ್ಲಮ್ಮ" ಎಂದೆವು ಮೂವರೂ. ನಾನಂತೂ ಗದರಿದ್ದೂ ಉಂಟು. ರಕ್ತ ಕಡಿಮೆಯಿದೆಯೆಂದು ನಾನೇ ಫೋಲಿಕ್ ಆಮ್ಲದ ಮಾತ್ರೆ ತಂದುಕೊಟ್ಟೆ. ರಕ್ತವೇನೋ ಏರಿತು, ಜೋಮೂ ಏರುತ್ತ ಹೋಯಿತು.

ಕಡೆಗೆ ಶಿವಮೊಗ್ಗದ ವೈದ್ಯರೊಬ್ಬರು ರಕ್ತಪರೀಕ್ಷೆ ಮಾಡಿಸಿ, ಬಿ12 ಜೀವಸತ್ವದ ಕೊರತೆ ಎಂದರು. ಆಮೇಲೆ ನಾನು ಪುಸ್ತಕ ಹಿಡಿದು ಕೂತೆ. ಶರೀರದ ಕೆಲಸ ನಡೆಸುವ ಕಿಣ್ವಗಳಲ್ಲಿ ಎಷ್ಟೋ ಬರೀ ಅಲಗುಗಳು. ಕೀಲು ಸೇರಿದರಷ್ಟೇ ಕೆಲಸ. ನಡುವೆ ಕೋಬಾಲ್ಟಿನ ಒಂದೇ ಪರಮಾಣು ಇಟ್ಟುಕೊಂಡಿರುವ ಬಿ12, ನಮ್ಮ ಮೈಯ ಎರಡು ಕಿಣ್ವಗಳಿಗೆ ಅಂಥ ಕೀಲು. ಅದರ ರಚನೆಯನ್ನು 1956ರಲ್ಲಿ ಬಿಡಿಸಿಟ್ಟವರು ಡೊರೊತಿ ಹಾಡ್ಜ್‌ಕಿನ್ ಎಂಬ ಹೆಂಗಸು. 1964ರಲ್ಲಿ ಅವರಿಗೆ ನೊಬೆಲ್ ಬಂತು. ಕಿಣ್ವದೊಳಗೆ ಕೂರುವಾಗ ಬಿ12 ಕೋಬಾಲ್ಟನ್ನು ಹಿಡಿದಿದ್ದ ತನ್ನ ಒಂದು ತೋಳನ್ನು ಬಿಡಿಸಿ ಕಿಣ್ವದ ಗುಳಿಗೆ ಇಳಿಸುತ್ತದೆ. ಆ ತೆರವಿಗೆ ಕಿಣ್ವದ್ದೇ ಹಿಸ್ಟಿಡಿನ್ ಬಂದು ಕೋಬಾಲ್ಟನ್ನು ಹಿಡಿಯುತ್ತದೆ. ಹಿಡಿತ ಕೂಡಿತು, ಕೆಲಸ ಸಾಗಿತು. ನಾನು ಕೊಟ್ಟ ಮಾತ್ರೆ ರಕ್ತದ ಕೆಲಸವನ್ನು ಬಳಸುದಾರಿಯಲ್ಲಿ ನಡೆಸಿತ್ತು. ನರಗಳಿಗೆ ಬಳಸುದಾರಿಯಿಲ್ಲ, ಕೀಲೇ ಬೇಕು.

ಬಿ12 ತಯಾರಿಸಬಲ್ಲವು ಸೂಕ್ಷ್ಮಜೀವಿಗಳು ಮಾತ್ರ. ಸೊಪ್ಪು ತರಕಾರಿಯಿಂದ ಅದು ದಕ್ಕದು. ಸಸ್ಯಾಹಾರಿಗಳಿಗೆ ಹಾಲು ಮೊಸರೇ ಗತಿ. ದಿನಕ್ಕೆ ಬೇಕಾದದ್ದು ಸುಮಾರು 2.4 ಮೈಕ್ರೊಗ್ರಾಂ, ಮೈಕ್ರೊಗ್ರಾಂ ಎಂದರೆ ಗ್ರಾಮಿನ ಹತ್ತು ಲಕ್ಷದಲ್ಲೊಂದು ಪಾಲು. ವಯಸ್ಸಾದಂತೆ ಅದನ್ನು ಹೀರಿಕೊಳ್ಳುವ ಶಕ್ತಿಯೂ ಕುಗ್ಗಬಹುದು. ಕೊಟ್ಟಿಗೆ ತುಂಬ ದನವಿದ್ದ ಮನೆಯಲ್ಲಿ ಅಷ್ಟು ಚೂರಿಗೂ ಬರವೇ? ನೆನಪು ಮಾಡಿಕೊಂಡೆ: ಗಟ್ಟಿ ಮೊಸರು ಮೊಮ್ಮಕ್ಕಳ ಎಲೆಗೆ, ಎಲ್ಲರದೂ ಆದಮೇಲೆ ಕೂರುತ್ತಿದ್ದ ಅಮ್ಮನ ಪಾಲಿಗೆ ನೀರುಮಜ್ಜಿಗೆ. ನಾವ್ಯಾರೂ ಅವಳ ಎಲೆ ನೋಡಿರಲಿಲ್ಲ.

ಚುಚ್ಚುಮದ್ದಿನ ಮೇಲೆ ಕೆಲವು ತಿಂಗಳಲ್ಲಿ ಮರೆವು ತಿಳಿಯಾಯಿತು. ಎಡಗಾಲಿನ ಜೋಮು ಪೂರ್ತಿ ಹೋಗಲಿಲ್ಲ, ನಾವು ತಡಮಾಡಿದ್ದೆವು. ಅಣ್ಣ ಅಡಕತ್ತರಿಗೆ ಹೊಸ ಕೀಲು ಹಾಕಿಸಿದ್ದಾನೆ. ಊರಿಗೆ ಹೋದಾಗ ನಾನು ಅಮ್ಮನ ಪಕ್ಕದಲ್ಲೇ ಊಟಕ್ಕೆ ಕೂರುತ್ತೇನೆ, ಮೊದಲ ಸೌಟು ಮೊಸರು ಅವಳಿಗೆ. "ಮಕ್ಕಳಿಗೆ ಹಾಕೇ" ಎನ್ನುತ್ತಾಳೆ, ಈಗಲೂ.