ಕೊವೆಂಟ್ರಿಯ ಗ್ಯಾರೇಜಿನಲ್ಲಿ ಎರಡು ದಿನ

ಇಂಗ್ಲೆಂಡಿಗೆ ಹೋಗಿಬಂದವರು ಲಂಡನಿನ ಅರಮನೆಯನ್ನೋ ಗಡಿಯಾರದ ಗೋಪುರವನ್ನೋ ಕುರಿತು ಬರೆಯುವುದು ವಾಡಿಕೆ. ಅವನ್ನು ನಾವೂ ನೋಡಿದೆವು. ಆದರೆ ಮನಸ್ಸಿನಲ್ಲಿ ನಿಂತಿರುವುದು ಕೊವೆಂಟ್ರಿ ಪಟ್ಟಣದ ಒಂದು ಮನೆಯ ಗ್ಯಾರೇಜು.

2023ರ ಬೇಸಗೆಯಲ್ಲಿ ಚೆನ್ನೈಯಿಂದ ಮಗಳ ಮನೆಗೆಂದು ದಂಪತಿಗಳಿಬ್ಬರೂ ಅಲ್ಲಿಗೆ ಹೋಗಿದ್ದೆವು. 1940ರ ನವೆಂಬರ್ 14ರ ರಾತ್ರಿ ಜರ್ಮನರ ಬಾಂಬಿಗೆ ಆ ಊರಿನ ಹಳೆಯ ದೊಡ್ಡ ಇಗರ್ಜಿ ಸುಟ್ಟುಹೋಯಿತು. ಅದರ ಪಾಳುಗೋಡೆಗಳನ್ನು ಹಾಗೆಯೇ ಉಳಿಸಿ, ಮಗ್ಗುಲಲ್ಲಿ ಹೊಸದನ್ನು ಕಟ್ಟಿ 1962ರಲ್ಲಿ ತೆರೆದರು. ಅದೇ ವರ್ಷ ಅಲ್ಲಿನ ಕ್ಯಾನ್ಲಿ ಬಡಾವಣೆಯ ಕಾರ್ಖಾನೆಯಿಂದ ಟ್ರಯಂಫ್ ಸ್ಪಿಟ್‌ಫೈರ್ ಎಂಬ ಎರಡೇ ಸೀಟಿನ ಸ್ಪೋರ್ಟ್ಸ್ ಕಾರು ಹೊರಬಂತು.

ಮಗಳ ನೆರೆಮನೆಯ ಯಜಮಾನರಲ್ಲಿ ಅಂಥದೊಂದು ಗಾಡಿಯಿತ್ತು, 1976ರದು. ಎಪ್ಪತ್ತು ದಾಟಿದ ಅವರು ಹರೆಯದಲ್ಲಿ ಅದೇ ಕಾರ್ಖಾನೆಯಲ್ಲಿ ದುಡಿದವರು. ಹೆಂಡತಿ ತೀರಿಕೊಂಡ ಮೇಲೆ ಗಾಡಿ ಮೂಲೆ ಸೇರಿತ್ತು. ಏರಿನಲ್ಲಿ ಎಂಜಿನ್ ಅಬ್ಬರಿಸುತ್ತದೆ, ಗಾಡಿ ಮಾತ್ರ ತೆವಳುತ್ತದೆ. ಮಾರಿಬಿಡಿರೆಂದು ಮಗನ ಒತ್ತಾಯ. "ಕ್ಲಚ್ಚು ಸವೆದಿದೆ, ಅಷ್ಟೆ. ನಾನೇ ಬದಲಾಯಿಸಬಲ್ಲೆ. ಗೇರ್‌ಬಾಕ್ಸ್ ಎತ್ತಲು ಇನ್ನೊಬ್ಬರು ಬೇಕು" ಎಂದರು. ನಮ್ಮವರು ತೋಳು ಮಡಿಸಿದರು.

ಬಾನೆಟ್ಟು ಎತ್ತಿದ ಕೂಡಲೆ ನಮ್ಮ ಎದೆ ಝಲ್ಲೆಂದಿತು. ಗಾಡಿಯ ಮೂತಿಯೆಲ್ಲ ಒಟ್ಟಿಗೆ ಮುಂದಕ್ಕೆ ಬಾಗಿ ತೆರೆಯಿತು. ನಮ್ಮ ಮನೆಯ ಸ್ಟ್ಯಾಂಡರ್ಡ್ ಹೆರಾಲ್ಡೂ ಹೀಗೆಯೇ! 1961ರಿಂದ ಮದರಾಸಿನಲ್ಲಿ ತಯಾರಾದ ಆ ಗಾಡಿ ಈ ಟ್ರಯಂಫ್ ಮನೆತನದ್ದೇ. ಹೆರಾಲ್ಡಿನ ಚಾಸಿಯನ್ನು ಮೊಟಕುಮಾಡಿ ಸ್ಪಿಟ್‌ಫೈರ್ ಕಟ್ಟಿದರು. ಎರಡಕ್ಕೂ ರೂಪ ಕೊಟ್ಟವರು ಇಟಲಿಯ ಮಿಕೆಲೊಟ್ಟಿ. ಮಾವನವರು ಪ್ರತಿ ಬೇಸಗೆ ನಮ್ಮೆಲ್ಲರನ್ನೂ ಅದರಲ್ಲಿ ತುಂಬಿಕೊಂಡು ಮೈಸೂರಿಗೆ ಕರೆದೊಯ್ಯುತ್ತಿದ್ದರು. 1989ರಲ್ಲಿ ಅದರ ಕ್ಲಚ್ಚು ಕೈಕೊಟ್ಟಿತು. "ಇನ್ನು ಇದು ಪ್ರಯೋಜನವಿಲ್ಲ" ಎಂದ ಮೆಕ್ಯಾನಿಕ್ಕನ ಮಾತು ನಂಬಿ ಗುಜರಿಗೆ ಕೊಟ್ಟೆವು. ಗಾಡಿ ಹೋದ ದಿನ ಮಾವನವರು ಬಾಗಿಲಿಗೆ ಬರಲಿಲ್ಲ.

ಸರಿ, ಕೆಲಸ ಆರಂಭವಾಯಿತು. ಈ ಗಾಡಿಯಲ್ಲಿ ಎಂಜಿನ್ ಇಳಿಸಬೇಕಾಗಿಲ್ಲ. ಗೇರ್‌ಬಾಕ್ಸು ಒಳಗಿನಿಂದಲೇ ಹೊರಬರುತ್ತದೆ. ಬ್ಯಾಟರಿಯ ತಂತಿ ಕಳಚಿ, ಸೀಟುಗಳನ್ನೂ ನಡುವಿನ ಮುಚ್ಚಳವನ್ನೂ ತೆಗೆದರು. ಎಂಜಿನ್ನಿನ ಅಡಿಗೆ ಮರದ ತುಂಡಿಟ್ಟು ಜ್ಯಾಕ್ ಆನಿಸಿದರು. ಹಿಂಚಕ್ರಗಳಿಗೆ ಶಕ್ತಿ ಒಯ್ಯುವ ದಂಡದ ನಾಲ್ಕು ಬೋಲ್ಟು, ಸ್ಪೀಡಾಮೀಟರಿನ ಕೇಬಲ್ಲು, ಎಲ್ಲವೂ ಒಂದೊಂದು ಡಬ್ಬಿಗೆ. ಡಬ್ಬಿಗಳಿಗೆ ಚೀಟಿ ಅಂಟಿಸುವುದು ನಮ್ಮ ಪಾಲಿನ ಕೆಲಸ.

ಕ್ಲಚ್ಚಿನ ತಟ್ಟೆಯ ಲೈನಿಂಗು ರಿವೆಟ್ಟಿನವರೆಗೂ ಸವೆದಿತ್ತು. ಧೂಳನ್ನು ಊದಹೊರಟ ನಮ್ಮನ್ನು ಯಜಮಾನರು ತಡೆದರು. ಹಳೆಯ ಲೈನಿಂಗಿನಲ್ಲಿ ಕಲ್ನಾರು ಇರಬಹುದು, ಅದು ಶ್ವಾಸಕೋಶಕ್ಕೆ ಕೇಡು. ಮುಖಕ್ಕೆ ಮಾಸ್ಕ್ ಹಾಕಿ ಒದ್ದೆಬಟ್ಟೆಯಿಂದಲೇ ಒರೆಸಿದರು. ಹೊಸ ತಟ್ಟೆ ನಟ್ಟನಡುವೆ ಕೂರದಿದ್ದರೆ ಗೇರ್‌ಬಾಕ್ಸಿನ ದಂಡ ಒಳಹೋಗದು. ಅದಕ್ಕೆಂದು ಪೊರಕೆಯ ಕೋಲಿಗೆ ಟೇಪು ಸುತ್ತಿ ಅಳತೆಗೆ ತಂದು ನಡುವೆ ತೂರಿಸಿದರು. ಅನಂತರ ಸುತ್ತಲಿನ ಬೋಲ್ಟುಗಳನ್ನು ಮೃದಂಗಕ್ಕೆ ಶ್ರುತಿ ಕೂಡಿಸುವ ಹಾಗೆ ಎದುರುಬದುರಾಗಿ, ಸ್ವಲ್ಪಸ್ವಲ್ಪವೇ ಬಿಗಿದರು. ಬೇರಿಂಗನ್ನೂ ಹೊಸದು ಹಾಕಿದರು.

ಗೇರ್‌ಬಾಕ್ಸು ಮಾತ್ರ ಹಿಂದಿರುಗಿ ಕೂರಲೊಲ್ಲದು. ಮೂರು ಸಲ ಎತ್ತಿ ಮೂರು ಸಲ ಇಳಿಸಿದ್ದಾಯಿತು. ಸಂಜೆ ಯಜಮಾನರು ಮೆಟ್ಟಿಲ ಮೇಲೆ ಕುಳಿತು, "ಮಗ ಹೇಳಿದ್ದೇ ಸರಿಯೇನೋ" ಎಂದರು. ನಾವು ಕಾಫಿ ಕೊಟ್ಟೆವು. ಬೇರೆ ಮಾತು ತೋಚಲಿಲ್ಲ.

ಮರುದಿನ ಬೆಳಿಗ್ಗೆ ಅವರಿಗೇ ಹೊಳೆಯಿತು. ಗೇರಿಗೆ ಹಾಕಿ, ನಮ್ಮವರು ಎತ್ತಿಹಿಡಿದಿರುವಾಗ ಹಿಂದಿನ ದಂಡವನ್ನು ಕೊಂಚವೇ ತಿರುಗಿಸಿದರು. ಹಲ್ಲಿಗೆ ಹಲ್ಲು ಕೂಡಿ ಗೇರ್‌ಬಾಕ್ಸು ಸರಕ್ಕನೆ ಒಳಸರಿಯಿತು.

ಸಂಜೆ ನಮ್ಮನ್ನು ಪಕ್ಕದಲ್ಲಿ ಕೂರಿಸಿಕೊಂಡು ಕ್ಯಾನ್ಲಿಗೆ ಹೊರಟರು. ಕಾರು ಕಟ್ಟುವ ಕೆಲಸ ಅಲ್ಲಿ 1980ರಲ್ಲೇ ನಿಂತಿತು. ಈಗಿರುವುದು ಬೇರೆ ಕಟ್ಟಡಗಳು. ಒಂದು ರಸ್ತೆಗೆ ಮಾತ್ರ ಹೆರಾಲ್ಡ್ ಅವೆನ್ಯೂ ಎಂದು ಹೆಸರು. ಆ ಫಲಕದ ಕೆಳಗೆ ಗಾಡಿ ನಿಲ್ಲಿಸಿ ಸುಮ್ಮನೆ ಕುಳಿತರು. ಅವರಿಗೆ ಯಾರು ನೆನಪಾದರೋ ನಾವು ಕೇಳಲಿಲ್ಲ. ನಮಗೆ ಮಾವನವರು ನೆನಪಾದರು.

ಬಳಿಕ ಕ್ಲಚ್ಚು ಒತ್ತಿ ಮೊದಲ ಗೇರಿಗೆ ಹಾಕಿದರು. ಗಾಡಿ ಒಂದಿಷ್ಟೂ ಜಾರದೆ ಮುಂದೆ ಸಾಗಿತು.

ಓದುಗರ ಮನೆಯಲ್ಲಿ ಹಳೆಯ ಗಾಡಿಯಿದ್ದರೆ ಒಂದು ಮಾತು: ಗುಜರಿಯವನ ಕೈಗೆ ಕೀಲಿ ಕೊಡುವ ಮುಂಚೆ ಇನ್ನೊಬ್ಬ ಬಲ್ಲವರನ್ನು ಕೇಳಿರಿ. ನಾವು ಕೇಳಲಿಲ್ಲ.