ಬೇವಿನ ಮರದ ಕೆಳಗಿನ ಕಾರು

ಎರಡು ವರ್ಷ ನಾನೂ ಕಾರಿನ ಮಾಲೀಕನಾಗಿದ್ದೆ. ಸೆಕೆಂಡ್ ಹ್ಯಾಂಡ್ ಆಲ್ಟೊ, ತಿಂಗಳಿಗೆ 6,200 ರೂಪಾಯಿ ಕಂತು. ಸುದ್ದಿಗೆ ಇಷ್ಟು ಅಂತ ದುಡ್ಡು ಎಣಿಸುವ ಸ್ಟ್ರಿಂಗರ್‌ಗೆ ಅದು ಬೇಕಿತ್ತೇ? ಹೆಣ್ಣು ನೋಡಲು ಹೋದಲ್ಲೆಲ್ಲ "ಹುಡುಗಂದು ಗಾಡಿ ಯಾವುದ್ರಿ?" ಎಂದು ಕೇಳಿದ್ದರು, ಅಷ್ಟೇ. ಮದುವೆಯಾಯಿತು. ಕಾರು ಮಾತ್ರ ತಿಂಗಳಲ್ಲಿ ಇಪ್ಪತ್ತೈದು ದಿನ ಬೇವಿನ ಮರದ ಕೆಳಗೆ ನಿಂತೇ ಇರುತ್ತಿತ್ತು. ಅದರಡಿ ಕೋಳಿಗಳು ಮಲಗುತ್ತಿದ್ದವು. ರಾಯಚೂರು ಬಿಸಿಲಿಗೆ ಅಷ್ಟಾದರೂ ಉಪಯೋಗ.

ಹೋದ ವರ್ಷ ಮಾರಿದೆ. ಈಗ ಮಾನ್ವಿಯಿಂದ ರಾಯಚೂರಿಗೆ ನಾವು ನಾಲ್ವರು ಒಬ್ಬರ ಕಾರಿನಲ್ಲಿ ಹೋಗುತ್ತೇವೆ, ಡೀಸೆಲ್ ಖರ್ಚು ಹಂಚಿಕೊಂಡು. ಅದರಾಚೆಗೆ ಮಾತ್ರ ಹೋಗಬೇಡಿ. ಬಿಳಿ ಬೋರ್ಡಿನ ಗಾಡಿಯನ್ನು ಬಾಡಿಗೆಗೆ ಓಡಿಸುವುದು 1988ರ ಮೋಟಾರು ವಾಹನ ಕಾಯ್ದೆಯ ಪ್ರಕಾರ ತಪ್ಪು. ಅಪಘಾತವಾದರೆ ವಿಮೆಯವರ ತಕರಾರೂ ಅಲ್ಲಿಂದಲೇ ಶುರು.

ಹಂಚಿಕೊಂಡು ಹೋಗುವುದು ನಮ್ಮಲ್ಲಿ ಹೊಸದೇನಲ್ಲ. ದೇವದುರ್ಗದ ಕಡೆ ಕ್ರೂಸರ್, ಟಂಟಂ ಬಿಡುವುದೇ ಜನ ತುಂಬಿದ ಮೇಲೆ. ಬೆಂಗಳೂರಿನವರು ಆ್ಯಪ್‌ನಲ್ಲಿ ಹುಡುಕುವುದನ್ನು ನಮ್ಮ ಕೂಲಿಕಾರರು ಯಾವತ್ತಿನಿಂದಲೋ ಮಾಡುತ್ತಿದ್ದಾರೆ. 2023ರ ಜೂನ್ 11ರಂದು ಶಕ್ತಿ ಯೋಜನೆ ಶುರುವಾಗಿ ಸಾಮಾನ್ಯ ಬಸ್ಸು ಹೆಣ್ಣುಮಕ್ಕಳಿಗೆ ಉಚಿತವಾಯಿತಲ್ಲ, ನನ್ನ ಹೆಂಡತಿಯಂತೂ ತವರಿಗೆ ಹೋಗಲು ಕಾರು ಕೇಳಿದವಳೇ ಅಲ್ಲ.

ಇದನ್ನೆಲ್ಲ ಹೇಳಿ, ಕಾರು ಕೊಳ್ಳಲು ಹೊರಟಿದ್ದ ದೇವದುರ್ಗದ ಗೆಳೆಯನನ್ನು ತಡೆಯಲು ಹೋದೆ. ಡಿಪ್ಲೊಮಾದಲ್ಲಿ ಜೊತೆಗೆ ಓದಿದವನು. ಪೂರ್ತಿ ಕೇಳಿಸಿಕೊಂಡು ಅಂದ:

"ಕ್ರೂಸರ್‌ನಾಗ ನಿನಗ ಯಾವೂರು ಅಂತ ಕೇಳತಾರ. ನನಗ ಊರು ಆದಮ್ಯಾಲ ಯಾವ ಓಣಿ ಅಂತ ಕೇಳತಾರ. ಹೇಳಿದರ ಬಾಜೂಕ ಕುಂತಾವ ಸರದು ಕೂಡತಾನ. ನನ್ನ ಗಾಡ್ಯಾಗ ಅದನ್ನ ಯಾರು ಕೇಳತಾರ?"

ನನ್ನ ಲೆಕ್ಕದಲ್ಲಿ ಕಂತು, ವಿಮೆ, ಟೈರು ಎಲ್ಲ ಇದ್ದವು. ಇದು ಇರಲಿಲ್ಲ. ಹತ್ತು ವರ್ಷ ಅವನ ಪಕ್ಕದಲ್ಲೇ ಕೂತು ಪ್ರಯಾಣಿಸಿದ್ದೇನೆ, ಒಮ್ಮೆಯೂ ಗಮನಿಸಿರಲಿಲ್ಲ. ವರದಿಗಾರನಂತೆ!

ಆದರೂ ಕಂತಿನ ಭಾರ ಸುಳ್ಳಲ್ಲ ಎಂದೆ. ಅದನ್ನು ಅವನೂ ಒಪ್ಪಿದ. ಕೊನೆಗೆ ಓಣಿಯ ಇನ್ನಿಬ್ಬರ ಜೊತೆ ಸೇರಿ ಒಂದೇ ಗಾಡಿ ಕೊಂಡ. ಆರ್‌ಸಿ ಅವನ ಹೆಸರಿನಲ್ಲಿ, ಕಂತು ಮೂರು ಪಾಲು, ಕೀಲಿಕೈ ಅವನ ಅವ್ವನ ಹತ್ತಿರ. ಯಾರಿಗೆ ಯಾವತ್ತು ಎಂಬುದನ್ನು ಗೋಡೆಯ ಕ್ಯಾಲೆಂಡರಿನಲ್ಲಿ ಬರೆಯುತ್ತಾರೆ. ಜಗಳ ಆಗುವುದಿಲ್ಲವೇ? ಆಗುತ್ತದೆ. ಹಬ್ಬದಲ್ಲಂತೂ ತಪ್ಪಿದ್ದಲ್ಲ. ಅವ್ವ ತೀರ್ಪು ಹೇಳುತ್ತಾಳೆ.

ಮೊನ್ನೆ ಸುದ್ದಿಗೆಂದು ಅಲ್ಲಿಗೆ ಹೋಗಿದ್ದಾಗ ರಾತ್ರಿ ಬಸ್ಸು ತಪ್ಪಿತು. ಫೋನು ಮಾಡಿದೆ. "ರಾಯಚೂರಿಗೇ ಹೊಂಟೀವಿ, ಒಂದು ಸೀಟು ಖಾಲಿ ಐತಿ, ಬಾ" ಅಂದ. ಗಬ್ಬೂರು ದಾಟಿದ ಮೇಲೆ ಡೀಸೆಲ್‌ಗೆಂದು ನೂರು ರೂಪಾಯಿ ಚಾಚಿದೆ. ಸುಮ್ಮನೆ ತೆಗೆದುಕೊಂಡು ಜೇಬಿಗಿಟ್ಟ.